ಬಿಸಿಲುನಾಡಿನ ಅರಿವಿ

ಮೇ ತಿಂಗಳ ನಸುಕು. ಕಲಬುರಗಿ ಜಿಲ್ಲೆಯ ಜಿಡಗಾದ ಸುತ್ತಲಿನ ದಾರಿಗಳಲ್ಲಿ ಇನ್ನೂ ಹೊತ್ತು ಹುಟ್ಟಿಲ್ಲ. ಗೊಬ್ಬರ ಕಂಪನಿಯ ಜಾಹೀರಾತು ಬೆನ್ನಿಗಿರುವ ಹಳದಿ ಟೀಶರ್ಟು, ಯಾವುದೋ ಟೂರ್ನಮೆಂಟಿನಲ್ಲಿ ಹಂಚಿದ ನೀಲಿ ಜೆರ್ಸಿ, ಅಣ್ಣನ ಹಳೆಯ ಟ್ರ್ಯಾಕ್ ಪ್ಯಾಂಟು, ತೋಳಿಲ್ಲದ ಬನಿಯನ್ನು ಒಂದರ ಹಿಂದೊಂದು ಕತ್ತಲಿನಿಂದ ಹೊರಬಂದು ಪಕ್ಕದಲ್ಲೇ ಸಾಗಿಹೋಗುತ್ತವೆ. ಅವುಗಳೊಳಗಿನ ಹುಡುಗರ ಮುಖ ಕಾಣುವುದು ಆಮೇಲೆ. ಪೊಲೀಸ್ ಆಗಬೇಕು, ಮಿಲಿಟರಿ ಸೇರಬೇಕು ಎಂದು ಓಡುವವರು ಇವರು. ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದಲ್ಲಿ ಮುಗಿಸಬೇಕು. ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಬಂದ ಮೇಲೆ ಈ ಭಾಗದ ಹಳ್ಳಿಗಳಲ್ಲಿ ಸರ್ಕಾರಿ ನೌಕರಿಯ ಆಸೆ ಹತ್ತಿರವಾಗಿದೆ. ಆಳಂದ, ಅಫಜಲಪುರ, ಜೇವರ್ಗಿಯ ಯಾವ ರಸ್ತೆಗೆ ಹೋದರೂ ನಸುಕಿನಲ್ಲಿ ಈ ಓಟ ಕಣ್ಣಿಗೆ ಬೀಳುತ್ತದೆ.

ಆರೂವರೆಯ ಹೊತ್ತಿಗೆ ಬಿಸಿಲು ಹೆಗಲಿಗೆ ತಾಗುತ್ತದೆ. ಹುಡುಗರು ರಸ್ತೆ ಬದಿಯ ಬೇವಿನ ಮರದ ಕೆಳಗೆ ನಿಂತು ಮಂಡಿಗೆ ಕೈಯೂರಿ ಉಸಿರು ತೆಗೆದುಕೊಳ್ಳುವಾಗ ಅವರ ಮೈಮೇಲಿನ ಬಟ್ಟೆಗಳನ್ನು ನೋಡಬೇಕು. ಜಾಹೀರಾತಿನ ಟೀಶರ್ಟಿನ ಬೆನ್ನ ಮೇಲೆ ದಪ್ಪ ರಬ್ಬರಿನಂಥ ಬಣ್ಣ ಬಳಿದಿದ್ದಾರೆ. ಆ ಅಕ್ಷರಗಳ ಕೆಳಗೆ ಬೆವರು ಹೊರಬರಲು ದಾರಿಯಿಲ್ಲ, ಸೊಂಟದವರೆಗೆ ಹರಿದು ಇಳಿಯುತ್ತದೆ. ತೆಳು ಜೆರ್ಸಿಯವನ ಅಂಗಿ ಆಗಲೇ ಒಣಗುತ್ತಿದೆ. ಬನಿಯನ್ನಿನವನ ಮೈಗೆ ಹತ್ತಿ ಅಂಟಿಕೊಂಡಿದೆ, ಆದರೆ ಗಾಳಿ ಬೀಸಿದಾಗ ಮೊದಲು ‘ಹಾ’ ಎನ್ನುವವನು ಅವನೇ. ಟ್ರ್ಯಾಕ್ ಪ್ಯಾಂಟಿನವನು ಎರಡೂ ಕಾಲನ್ನು ಮೊಣಕಾಲಿನ ತನಕ ಸುತ್ತಿ ಮೇಲೇರಿಸಿದ್ದಾನೆ. ಓಟಕ್ಕೆ ಎಂತಹ ಬಟ್ಟೆ ಬೇಕೆಂಬ ಪ್ರಶ್ನೆಗೆ ಬೇಕಾದ ಉತ್ತರವೆಲ್ಲ ಆ ಮರದ ನೆರಳಿನಲ್ಲಿ ನಿಂತಿದೆ.

ಬೆವರು ಬಂದರೆ ಸಾಲದು, ಅದು ಆರಿದರೆ ಮಾತ್ರ ಮೈ ತಂಪಾಗುತ್ತದೆ. ಒಂದು ಲೀಟರ್ ಬೆವರು ಆವಿಯಾಗಿ ಹೋಗುವಾಗ ದೇಹದಿಂದ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಹರಿದು ನೆಲಕ್ಕೆ ಬಿದ್ದ ಬೆವರಿನಿಂದ ದೇಹಕ್ಕೆ ನಷ್ಟವೇ ಹೊರತು ತಂಪಿಲ್ಲ. ಹಾಗಾಗಿ ಬಟ್ಟೆಯ ಮೊದಲ ಕೆಲಸ ಬೆವರಿಗೂ ಗಾಳಿಗೂ ಭೇಟಿ ಮಾಡಿಸುವುದು. ಹತ್ತಿ ನೂಲು ನೀರನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಸಾಧಾರಣ ತೇವದ ಗಾಳಿಯಲ್ಲೇ ತನ್ನ ತೂಕದ ಶೇ 8ರಷ್ಟು ನೀರಾವಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಉಣ್ಣೆಯಲ್ಲಿ ಇದು ಶೇ 16ರಷ್ಟು. ಪಾಲಿಸ್ಟರಿನಲ್ಲಿ ಶೇ 1ರ ಅರ್ಧವೂ ಇಲ್ಲ. ನೀರನ್ನು ಒಳಗೆ ಬಿಟ್ಟುಕೊಳ್ಳದ ಪಾಲಿಸ್ಟರ್ ಎಳೆಗಳನ್ನು ಸಣ್ಣ ಸಣ್ಣ ಕಾಲುವೆಗಳಿರುವಂತೆ ತಯಾರಿಸಿ, ಬೆವರು ಎಳೆಯ ಮೇಲ್ಮೈಗುಂಟ ಹರಿದು ಹೊರಮೈಯಲ್ಲಿ ಹರಡಿ ಬೇಗ ಆರುವಂತೆ ಮಾಡಿದ್ದೇ ಇಂದಿನ ಕ್ರೀಡಾ ಉಡುಪು. ಓಟಗಾರನಿಗೆ ಅದು ನಿಜಕ್ಕೂ ಉಪಕಾರಿ: ಹಗುರ, ಒದ್ದೆಯಾಗಿ ಜೋತು ಬೀಳುವುದಿಲ್ಲ, ತೊಡೆಗೆ, ಕಂಕುಳಿಗೆ ತಿಕ್ಕುವುದು ಕಡಿಮೆ. ಅರ್ಧ ತಾಸಿನ ಓಟಕ್ಕೆ ನಾನಂತೂ ಅದನ್ನೇ ಹೇಳುತ್ತೇನೆ. ತೊಳೆಯದೆ ಮರುದಿನ ಹಾಕಿಕೊಳ್ಳಬಾರದು, ಅಷ್ಟೆ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ವ್ಯಾಯಾಮದ ನಂತರ ಹತ್ತಿಗಿಂತ ಪಾಲಿಸ್ಟರ್ ಅಂಗಿಗಳೇ ಹೆಚ್ಚು ನಾರುವುದನ್ನು, ವಾಸನೆ ಹುಟ್ಟಿಸುವ ಮೈಕ್ರೊಕಾಕಸ್ ಜಾತಿಯ ಸೂಕ್ಷ್ಮಜೀವಿಗಳು ಆ ಎಳೆಗಳಲ್ಲಿ ಚೆನ್ನಾಗಿ ಬೆಳೆಯುವುದನ್ನು ತೋರಿಸಿತು.

ಆದರೆ ಜಿಡಗಾದ ದಿನ ಅರ್ಧ ತಾಸಿನದಲ್ಲ.

ಹತ್ತು ಗಂಟೆಗೆ ಡಾಂಬರು ಕಾಯುತ್ತದೆ. ಮುಗಳಖೋಡ–ಜಿಡಗಾ ಮಠಕ್ಕೆ ನಡೆದು ಬರುವ ಭಕ್ತರು ರಸ್ತೆ ಬಿಟ್ಟು ಬದಿಯ ಮಣ್ಣಿಗೆ ಇಳಿಯುತ್ತಾರೆ. ಬಿಳಿ ದೋತರ, ಬಿಳಿ ನೆಹರು ಅಂಗಿ, ತಲೆಗೆ ರುಮಾಲು, ಹೆಗಲಿಗೆ ವಲ್ಲಿ. ಹನ್ನೊಂದಕ್ಕೆ ಓಣಿಗಳು ಬರಿದಾಗುತ್ತವೆ, ನಾಯಿಗಳು ಸೈತ ಕಟ್ಟೆಯ ಕೆಳಗೆ ಸೇರಿಕೊಳ್ಳುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. 42 ಡಿಗ್ರಿ ದಾಟಿದ ಬಿಸಿಲಲ್ಲಿ ಸರ್ಕಾರವೇ ಹೀಗೆ ಹೊತ್ತು ಬದಲಿಸಿಕೊಂಡರೂ ಹೊಲದ ಕೆಲಸಕ್ಕೆ, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋದವರು ಬಿಸಿಲಲ್ಲೇ ಇದ್ದಾರೆ. ಕೆರೆ ಹೂಳಿನ ಗುಂಡಿಯಲ್ಲಿ ಸಾಲಾಗಿ ನಿಂತ ಹೆಂಗಸರನ್ನು ದೂರದಿಂದ ನೋಡಿದರೆ ಒಂದು ಕ್ಷಣ ಗಂಡಸರೋ ಹೆಂಗಸರೋ ತಿಳಿಯುವುದಿಲ್ಲ. ಎಲ್ಲರ ಮೈಮೇಲೂ ಗಂಡಸರ ಅಂಗಿ!

ಸೀರೆಯ ಮೇಲೆ ತೊಟ್ಟ ಆ ಅಂಗಿಯ ಬಗ್ಗೆ ಯಾರೂ ಬರೆಯುವುದಿಲ್ಲ. ಗಂಡನದೋ ಮಗನದೋ, ಕಾಲರು ಸವೆದು ಮದುವೆ-ಮುಂಜಿಗೆ ಹಾಕಲು ಬಾರದಂತಾದದ್ದು. ತುಂಬುತೋಳು. ಮುಂಗೈಯ ಗುಂಡಿ ಹಾಕಿರುತ್ತಾರೆ. ನೂರಾರು ಸಲ ಒಗೆದು ಮೆತ್ತಗಾಗಿದೆ, ಅಳತೆ ದೊಡ್ಡದಾದ್ದರಿಂದ ಹೆಗಲ ಹೊಲಿಗೆ ತೋಳಿನ ಮೇಲೆ ಇಳಿದಿದೆ. ಮೈಗೂ ಬಟ್ಟೆಗೂ ನಡುವೆ ಗಾಳಿ ಆಡುವಷ್ಟು ಜಾಗ ಇದೆ. ಕಾಲರನ್ನು ಮೇಲೆತ್ತಿದರೆ ಕತ್ತಿನ ಹಿಂಭಾಗ ಮುಚ್ಚುತ್ತದೆ. ಎದೆಯ ಜೇಬಿನಲ್ಲಿ ಫೋನು, ಎಲೆ-ಅಡಿಕೆಯ ಸಂಚಿ. ಹತ್ತಿ ಬಿಡಿಸುವಾಗ ಒಣಗಿದ ಕಾಯಿಯ ಮೊನಚು ತೋಳಿಗೆ ಗೀರುವುದಿಲ್ಲ, ತೊಗರಿ ಕೊಯ್ಯುವಾಗ ದೂಳು ಮೈಗಿಳಿದು ತುರಿಸುವುದಿಲ್ಲ, ಅಫಜಲಪುರದ ಕಡೆ ಕಬ್ಬಿನ ರವದಿಯ ಅಂಚು ಚರ್ಮ ಕೊಯ್ಯುವುದಿಲ್ಲ. ಮಧ್ಯಾಹ್ನದ ಬುತ್ತಿಯ ಹೊತ್ತಿಗೆ ಬಿಚ್ಚಿ ಕೊಡವಿ ಟೊಂಗೆಗೆ ನೇತುಹಾಕಿದರೆ ಒಳಗಿನ ಸೀರೆ, ಕುಬಸ ಸ್ವಚ್ಛವಾಗಿಯೇ ಇರುತ್ತವೆ.

“ಬಿಸಲಾಗ ಅಂಗಿ ಮ್ಯಾಲ ಹಾಕ್ಕೊಂಡ್ರ ಮತ್ತಿಷ್ಟು ಶಕಿ ಆಗಲ್ಲೇನ್ರಿ ಯಕ್ಕಾ?” ಎಂದು ಕೇಳಿದರೆ, “ಬಿಸಲು ಮೈಗಿ ಬಡದ್ರ ಶಕಿ, ಅಂಗಿಗಿ ಬಡದ್ರ ಏನ್ ಆಗ್ತದ್ರಿ?” ಎನ್ನುತ್ತಾರೆ.

ಈ ಮಾತನ್ನು ವಿಜ್ಞಾನಿಗಳು ಮರುಭೂಮಿಗೆ ಹೋಗಿ ಅಳೆದು ನೋಡಿದ್ದಾರೆ. ಸೈನಾಯ್ ಮರುಭೂಮಿಯ ಬೆದವಿನ್ ಜನ ಸುಡುಬಿಸಿಲಲ್ಲೂ ಕರಿಯ ನಿಲುವಂಗಿ ತೊಡುತ್ತಾರೆ. ಕಪ್ಪು ಬಣ್ಣ ಬಿಸಿಲನ್ನು ಹೆಚ್ಚು ಹೀರುತ್ತದೆಂಬುದು ಎಲ್ಲರಿಗೂ ಗೊತ್ತು, ಹಾಗಿದ್ದರೂ ಅದನ್ನೇ ಏಕೆ ತೊಡುತ್ತಾರೆ? 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪುಟ್ಟ ಲೇಖನವೊಂದು ಉತ್ತರ ಕೊಟ್ಟಿತು: ಸಡಿಲ ನಿಲುವಂಗಿ ಕಪ್ಪಿರಲಿ, ಬಿಳಿಯಿರಲಿ, ಒಳಗಿನ ದೇಹಕ್ಕೆ ತಟ್ಟುವ ಶಾಖ ಒಂದೇ. ಕರಿಯ ಬಟ್ಟೆ ಹೆಚ್ಚು ಕಾದರೂ ಆ ಕಾವು ಚರ್ಮ ಮುಟ್ಟುವ ಮುನ್ನ ಬಟ್ಟೆಯೊಳಗೆ ಆಡುವ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಮೈಗಂಟಿದ ಬಟ್ಟೆಗೆ ಈ ಭಾಗ್ಯವಿಲ್ಲ. ಬಣ್ಣ ಯಾವುದೆಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಎಷ್ಟು ಸಡಿಲ ಎಂದು ನೋಡುವುದು ಈ ಬಿಸಿಲಿನಲ್ಲಿ ಮುಖ್ಯ. 1958ರಲ್ಲಿ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಸ್ಪ್ಯಾಂಡೆಕ್ಸ್ ಎಂಬ ಹಿಗ್ಗುವ ಎಳೆ ಇಂದು ಆಳಂದದ ಪೇಟೆಯಲ್ಲಿ ತೂಗುವ ಹೆಚ್ಚಿನ ಲೆಗಿಂಗ್ಸಿನಲ್ಲಿ ಇದೆ. ವ್ಯಾಯಾಮಶಾಲೆಗೆ, ಯೋಗಾಸನಕ್ಕೆ ಅದು ಸರಿ. ಮೇ ತಿಂಗಳ ಹನ್ನೆರಡು ಗಂಟೆಗೆ ಬಸ್ಸಿಗೆ ಕಾಯುತ್ತ ನಿಂತ ಹುಡುಗಿಯ ಕಾಲಿಗೆ ಅದು ಶಿಕ್ಷೆ.

ರುಮಾಲಿನ ಕಥೆಯೂ ಇಂಥದ್ದೇ. ಆಳಂದ ಇರುವುದು ಉತ್ತರ ಅಕ್ಷಾಂಶ ಹದಿನೇಳೂವರೆ ಡಿಗ್ರಿಯ ಆಸುಪಾಸಿನಲ್ಲಿ. ಮೇ ಎರಡನೇ ವಾರದ ಸುಮಾರಿಗೆ ಇಲ್ಲಿ ನಡುಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟ ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಆ ದಿನಗಳಲ್ಲಿ ಬಿಸಿಲು ಎದೆಗೆ, ಬೆನ್ನಿಗೆ ಬೀಳುವುದಕ್ಕಿಂತ ತಲೆಗೂ ಹೆಗಲಿಗೂ ಬೀಳುವುದೇ ಹೆಚ್ಚು. ಇಲ್ಲಿನ ಹಳೆಯ ಉಡುಪು ಅರಿವಿಯ ಪದರಗಳನ್ನು ಇಟ್ಟಿರುವುದು ಸರಿಯಾಗಿ ಅವೆರಡೇ ಜಾಗದಲ್ಲಿ: ತಲೆಗೆ ಸುತ್ತು ಸುತ್ತಾಗಿ ರುಮಾಲು, ಹೆಗಲಿಗೆ ಮಡಿಸಿದ ವಲ್ಲಿ. ಉಳಿದ ಮೈಮೇಲೆ ತೆಳ್ಳಗೆ ಒಂದೇ ಪದರ. ಪೇಟೆಯ ಕ್ರೀಡಾ ಟೋಪಿ ಕಣ್ಣಿಗೆ ನೆರಳು ಕೊಡುತ್ತದೆ, ಆದರೆ ಕಿವಿ ಮತ್ತು ಕತ್ತನ್ನು ಬಿಸಿಗಾಳಿಗೆ ಒಡ್ಡಿಬಿಡುತ್ತದೆ. ಅದಕ್ಕೇ ಇಲ್ಲಿನ ಬೈಕು ಸವಾರರು ಟೋಪಿಯ ಕೆಳಗೆ ಟವೆಲನ್ನು ಕಿವಿ ಮುಚ್ಚಿ ಕಟ್ಟುತ್ತಾರೆ. ಬಾವಿಯ ನೀರಿನಲ್ಲಿ ಅದ್ದಿ ಹಿಂಡಿ ಕಟ್ಟಿದ ಹತ್ತಿ ಟವೆಲು ಮಣ್ಣಿನ ಹರವಿಯ ಹಾಗೆ ತಾನು ಒಣಗುತ್ತ ಒಳಗನ್ನು ತಂಪಾಗಿಡುತ್ತದೆ. ಗಾಳಿಯಲ್ಲಿ ತೇವವೇ ಇಲ್ಲದ ಬೇಸಿಗೆ ಇದು. ನೀರು ಆರುವುದಕ್ಕೆ ತಡೆಯಿಲ್ಲ. ಹತ್ತಿ ತಡವಾಗಿ ಆರುತ್ತದೆಂದು ಓಟಗಾರ ದೂರುವುದು ಸರಿ. ಇಡೀ ದಿನ ಬಿಸಿಲಲ್ಲಿ ನಿಲ್ಲುವವನಿಗೆ ಆ ನಿಧಾನವೇ ವರ.

ಇಷ್ಟೆಲ್ಲ ಗೊತ್ತಿದ್ದ ಊರುಗಳಲ್ಲಿ ಹತ್ತಿ ಹಿಂದೆ ಸರಿದದ್ದು ಹೇಗೆ? 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್, ಡಿಕ್ಸನ್ ಎಂಬಿಬ್ಬರು ಕಂಡುಹಿಡಿದ ಟೆರಿಲಿನ್ ಮುಂದೆ ಹತ್ತಿಯ ಜೊತೆ ಬೆರೆತು ಟೆರಿಕಾಟ್ ಆಗಿ ನಮ್ಮ ಜವಳಿ ಅಂಗಡಿಗಳಿಗೆ ಬಂದಿತು. ಇಸ್ತ್ರಿ ಬೇಡ, ಗಂಜಿ ಬೇಡ, ಬಣ್ಣ ಬಿಡುವುದಿಲ್ಲ, ವರ್ಷಗಟ್ಟಲೆ ಹರಿಯುವುದಿಲ್ಲ. ಮಾಂಜರಪಾಟದ ಒರಟು ಅಂಗಿ ಹೊಲಿಸಿಕೊಳ್ಳುತ್ತಿದ್ದವರಿಗೆ ಟೆರಿಕಾಟ್ ಅಂಗಿ ಮದುವೆಯ ಅಂಗಿಯಾಯಿತು, ಮಾನದ ಅಂಗಿಯಾಯಿತು. ಅದನ್ನು ತಪ್ಪೆನ್ನಲಾರೆ. ಎರೆಮಣ್ಣಿನ ಕಲೆ ಬಿಡಿಸಲು ಬಾವಿಕಟ್ಟೆಯ ಮೇಲೆ ಕುಕ್ಕಿ ಕುಕ್ಕಿ ಒಗೆದ ಕೈಗಳಿಗೆ, ಒಂದೇ ಜಾಲಿಗೆ ಕೊಳೆ ಬಿಡುವ ಬಟ್ಟೆ ಎಷ್ಟು ದೊಡ್ಡ ಬಿಡುಗಡೆ ಎಂಬುದು ಆ ಕೈಗಳಿಗೇ ಗೊತ್ತು. ಇಂದು ದಿನನಿತ್ಯ ಉಡುವ ಸೀರೆಗಳಲ್ಲಿ ಬಹುಪಾಲು ಹತ್ತಿ ನೂಲಿನವಲ್ಲ. ಇಳಕಲ್ ಸೀರೆ, ಖಣದ ಕುಬಸ ಹಬ್ಬಕ್ಕೆ ಪೆಟ್ಟಿಗೆಯಿಂದ ಹೊರಬರುತ್ತವೆ.

ಆಳಂದದ ಪೇಟೆಯಲ್ಲಿ ಸಂಜೆ ಐದರ ಮೇಲೆ ಜೀವ ಬರುತ್ತದೆ. ಸೊಲ್ಲಾಪುರದ ಚಾದರು, ಟವೆಲುಗಳ ರಾಶಿಯ ಪಕ್ಕದಲ್ಲೇ ಟ್ರ್ಯಾಕ್ ಪ್ಯಾಂಟುಗಳ ಗುಡ್ಡೆ. ಹೆಸರಾಂತ ಕಂಪನಿಗಳ ಗುರುತುಗಳೆಲ್ಲ ಆ ಗುಡ್ಡೆಯಲ್ಲಿವೆ, ಬೆಲೆ ಮಾತ್ರ ಅಸಲಿಯದರ ಹತ್ತನೇ ಒಂದು ಪಾಲೂ ಇಲ್ಲ. ನಸುಕಿನ ಓಟದ ಹುಡುಗರು ಕೊಳ್ಳುವುದು ಇಲ್ಲಿಯೇ.

“ಕಾಕಾ, ಇದು ಬೆವರು ಹೀರ್ತದೇನ್ರಿ?”

“ಹೀರ್ತದ ತಗೊ ತಮ್ಮಾ, ಡ್ರೈಫಿಟ್ ಅದ.”

ಆ ಮಾತನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಬೆರಳನ್ನು ನೀರಿನಲ್ಲಿ ಅದ್ದಿ ಬಟ್ಟೆಯ ಒಳಮೈಗೆ ಒಂದು ಹನಿ ಬಿಡಬೇಕು. ಹನಿ ಮುತ್ತಿನಂತೆ ನಿಂತರೆ ಅದು ಬೆವರನ್ನೂ ಹಾಗೆಯೇ ನಿಲ್ಲಿಸುತ್ತದೆ. ಕೂಡಲೇ ಹರಡಿದರೆ ಅಡ್ಡಿಯಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು, ಬಾಯಿಗೆ ಹಿಡಿದು ಊದಬೇಕು, ಉಸಿರು ಆಚೆ ಹೋಗುತ್ತದೆಯೇ ತಿಳಿಯುತ್ತದೆ. ಮಗ್ಗುಲಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿದರೆ ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಹಳೆಯ ಜವಳಿ ವ್ಯಾಪಾರಿಗಳಿಗೆ ಇದು ಗೊತ್ತಿದ್ದದ್ದೇ. ಇವೆಲ್ಲಕ್ಕಿಂತ ಹೆಚ್ಚಾಗಿ ಒಳಮೈಯ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಬೇಕು. ಎದ್ದುನಿಂತ ಹೊಲಿಗೆ ಮೊದಲ ಮೈಲಿಯಲ್ಲಿ ಗೊತ್ತಾಗುವುದಿಲ್ಲ, ಐದನೆಯದರಲ್ಲಿ ತೊಡೆಯ ಚರ್ಮ ಕೆಂಪಾಗಿರುತ್ತದೆ. ಕಚ್ಚೆ ದೋತರ ಉಟ್ಟು ಇಡೀ ದಿನ ಎತ್ತಿನ ಹಿಂದೆ ನಡೆಯುತ್ತಿದ್ದವರಿಗೆ ಈ ಬಾಧೆ ಅಷ್ಟಾಗಿ ಇರಲಿಲ್ಲ. ತೊಡೆಗಳ ನಡುವೆ ಹೊಲಿಗೆಯೇ ಇಲ್ಲದ ಮೆತ್ತನೆಯ ಅರಿವಿ ಇರುತ್ತಿತ್ತು. ಪ್ಯಾಂಟು ಕೊಳ್ಳುವಾಗ ಅಂಗಡಿಯಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿ ಎಂದು ನಾನು ಹುಡುಗರಿಗೆ ಹೇಳುತ್ತೇನೆ. ಎರಡು ಕಾಲು ಕೂಡುವಲ್ಲಿ ಚೌಕದ ತುಂಡೊಂದನ್ನು ಸೇರಿಸಿ ಹೊಲಿದಿದ್ದರೆ ಅದು ಬಿಗಿಯುವುದಿಲ್ಲ, ಹರಿಯುವುದೂ ಇಲ್ಲ.

ಜೂನ್ ಬಂತೆಂದರೆ ಇಷ್ಟು ಹೊತ್ತು ಹೇಳಿದ್ದರಲ್ಲಿ ಅರ್ಧ ತಿರುಗಿ ನಿಲ್ಲುತ್ತದೆ. ಮಳೆಯಲ್ಲಿ ತೊಯ್ದ ಹತ್ತಿ ಅಂಗಿ ಸಂಜೆಯವರೆಗೂ ಆರುವುದಿಲ್ಲ, ಗಾಳಿ ಬೀಸಿದರೆ ನಡುಕ. ಆಗ ತೆಳು ಪಾಲಿಸ್ಟರೇ ಲೇಸು. ಕುರಿ ಕಾಯುವವರು ಮಾತ್ರ ಇಂದಿಗೂ ಕಂಬಳಿಯನ್ನು ಬಿಟ್ಟುಕೊಟ್ಟಿಲ್ಲ. ಅದನ್ನು ಕೊಪ್ಪೆಯಾಗಿ ಮಡಿಸಿ ತಲೆಗೇರಿಸಿದರೆ ಮಳೆ ಹೊರಮೈಯಲ್ಲಿ ಇಳಿದುಹೋಗುತ್ತದೆ, ತೊಯ್ದ ಮೇಲೂ ಉಣ್ಣೆ ಬೆಚ್ಚಗಿರುತ್ತದೆ, ರಾತ್ರಿ ಅದೇ ಹಾಸಿಗೆ. ಪ್ಲಾಸ್ಟಿಕ್ ರೇನ್‌ಕೋಟಿನೊಳಗೆ ಕೆಲಸ ಮಾಡುವವರು ಹೊರಗಿನ ಮಳೆ ತಪ್ಪಿಸಿಕೊಂಡು ಒಳಗಿನ ಬೆವರಿನಲ್ಲಿ ತೊಯ್ಯುತ್ತಾರೆ. ಮಳೆಗಾಲದ ಎರೆಹೊಲಕ್ಕೆ ಬೂಟಿನ ಮಾತೇ ಬೇಡ. ಒಂದೊಂದು ಹೆಜ್ಜೆಗೂ ಅಡಿಗೆ ಮಣ್ಣು ಮೆತ್ತಿ ಕಾಲು ಕಲ್ಲಾಗುತ್ತದೆ. ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುವವರೇ ಮೊದಲು ಊರು ಮುಟ್ಟುತ್ತಾರೆ.

ಎಳ್ಳ ಅಮವಾಸ್ಯೆಯ ದಿನ ಪೇಟೆಯ ಉಡುಪು ಮತ್ತು ಹೊಲದ ಉಡುಪು ಒಂದೇ ಬದುವಿನ ಮೇಲೆ ಎದುರಾಗುತ್ತವೆ. ಬೆಳಿಗ್ಗೆ ಚಳಿ, ಕೌದಿಯಿಂದ ಏಳಲು ಮನಸ್ಸಾಗದಷ್ಟು. ಸಜ್ಜೆ ರೊಟ್ಟಿ, ಭಜ್ಜಿ, ಕಡುಬಿನ ಬುಟ್ಟಿ ಹೊತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಹಬ್ಬ. ಬೆಂಗಳೂರು, ಪುಣೆಯಿಂದ ಬಂದ ಮೊಮ್ಮಕ್ಕಳು ಹೆಣೆದ ಟ್ರ್ಯಾಕ್ ಸೂಟಿನಲ್ಲಿ ಜೋಳದ ಸಾಲಿಗೆ ನುಗ್ಗುತ್ತಾರೆ. ಹೊರಬರುವಾಗ ಉತ್ತರಾಣಿ ಬೀಜ ಮೊಣಕಾಲಿನ ತನಕ ಹಿಡಿದಿರುತ್ತದೆ, ಜೋಳದ ಸುಂಕು ಕತ್ತಿನೊಳಗೆ ಇಳಿದಿರುತ್ತದೆ, ಕೊಯ್ದ ತೊಗರಿಯ ಕೂಳೆ ಮೆತ್ತನೆ ಬೂಟಿನ ಅಡಿಯನ್ನು ಚುಚ್ಚಿರುತ್ತದೆ. ಹೆಣೆದ ಬಟ್ಟೆಯ ಕುಣಿಕೆಗಳಿಗೆ ಮುಳ್ಳು ಸಿಕ್ಕರೆ ಬಿಡುವುದಿಲ್ಲ. ಅಜ್ಜನ ನೇಯ್ದ ದೋತರದ ಮೇಲಿನ ಬೀಜಗಳು ಕೈಯಿಂದ ಸವರಿದರೆ ಉದುರುತ್ತವೆ. ಹೊಲ, ಗುಡ್ಡ, ಕುರುಚಲು ಕಾಡು ಎಲ್ಲಿಗೆ ಹೋಗುವುದಿದ್ದರೂ ಹೆಣೆದದ್ದಕ್ಕಿಂತ ನೇಯ್ದದ್ದು ಮೇಲು. ಬೆಳಗಿನ ಚಳಿಗೆ ಒಂದೇ ದಪ್ಪ ಸ್ವೆಟರಿಗಿಂತ ಒಂದರ ಮೇಲೊಂದು ತೆಳ್ಳಗಿನ ಎರಡು ಅಂಗಿ ಒಳ್ಳೆಯದು. ಹೊತ್ತೇರಿದಂತೆ ಒಂದನ್ನು ಬಿಚ್ಚಿ ಸೊಂಟಕ್ಕೆ ಕಟ್ಟಬಹುದು.

ಸೀಗಿ ಹುಣ್ಣಿಮೆಯ ಮುಂಚೆ ಇದೇ ಆಳಂದದ ದಾರಿ ಜನರಿಂದ ತುಂಬುತ್ತದೆ. ತುಳಜಾಪುರದ ಅಂಬಾಭವಾನಿಗೆ ನಡೆದು ಹೋಗುವವರು. ಹಗಲು ಬಿಸಿಲು, ರಾತ್ರಿ ತಣ್ಣನೆ ಗಾಳಿ, ನಡುವೆ ಎಲ್ಲೋ ಒಂದು ಮಳೆ. ಬರಿಗಾಲಿನ ಹರಕೆ ಹೊತ್ತವರು ಕಾದ ಡಾಂಬರಿಗೆ ಕಾಲುಚೀಲ ಏರಿಸಿಕೊಂಡಿರುತ್ತಾರೆ. ಈಚಿನ ವರ್ಷಗಳಲ್ಲಿ ಈ ದಾರಿಯಲ್ಲಿ ಕಾಲೇಜು ಹುಡುಗಿಯರ ಗುಂಪುಗಳನ್ನು ನೋಡಿ ಸಂತೋಷಪಡುತ್ತೇನೆ. ಸಡಿಲ ಪೈಜಾಮ, ಮೊಣಕಾಲಿನ ತನಕದ ಹತ್ತಿ ಕುರ್ತಾ, ಬೆನ್ನಿಗೆ ಚೀಲ, ವೇಲನ್ನು ತಲೆಗೆ ಕಿವಿಗೆ ಬಿಗಿದು ಕಟ್ಟಿ ಹಿಂದೆ ಗಂಟು. ಇವರಲ್ಲಿ ಹಲವರು ನಸುಕಿನಲ್ಲಿ 400 ಮೀಟರ್ ಓಡುವವರು. ಊರೊಳಗೆ ಟ್ರ್ಯಾಕ್ ಪ್ಯಾಂಟಿಗೆ ಬೀಳುವ ಕಣ್ಣುಗಳಿಗೆ ಅಂಜಿ ಚೂಡಿದಾರದಲ್ಲೇ ಅಭ್ಯಾಸ ಮಾಡುವವರೂ ಇದ್ದಾರೆ. ಓಡುವಾಗ ಎದೆಗೆ ಸರಿಯಾದ ಆಧಾರ ಕೊಡುವ ಒಳ ಉಡುಪು ಬೇಕೆಂದು ಯಾರ ಬಳಿಯೂ ಬಾಯಿಬಿಟ್ಟು ಕೇಳಲಾಗುವುದಿಲ್ಲ. ಹೊರಗಿನ ಪ್ಯಾಂಟಿಗಿಂತ ಮೊದಲು ದುಡ್ಡು ಹಾಕಬೇಕಾದ್ದು ಅದಕ್ಕೆ. ತಾಯಂದಿರು, ಶಾಲೆಯ ಅಕ್ಕೋರು ಇದನ್ನು ನಾಚಿಕೆಯಿಲ್ಲದೆ ಮಾತಾಡಬೇಕು. ಬೆನ್ನು, ಭುಜ ನೋಯುತ್ತದೆಂದು ಓಟ ಬಿಟ್ಟ ಹುಡುಗಿ ಒಂದು ನೌಕರಿಯನ್ನೇ ಬಿಟ್ಟಂತೆ.

ಜೇವರ್ಗಿಯ ಎರೆನೆಲದಲ್ಲಿ ಹತ್ತಿ ಬೆಳೆಯುತ್ತದೆ. ಅದನ್ನು ನೂಲಾಗಿಸಿ ಅರಿವಿ ಮಾಡುವ ಕೆಲಸ ಒಂದು ಕಾಲಕ್ಕೆ ಕಲಬುರಗಿಯಲ್ಲೇ ನಡೆಯುತ್ತಿತ್ತು. ನಿಜಾಮರ ಕಾಲದ ಮೆಹಬೂಬ್‌ಶಾಹಿ ಗಿರಣಿ ನಿಂತುಹೋಗಿ ಎಂ.ಎಸ್.ಕೆ. ಮಿಲ್ ಎಂಬ ಬಡಾವಣೆಯ ಹೆಸರು ಉಳಿದಿದೆ. 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ದೇಶದ ಏಳು ಕಡೆ ಪಿ.ಎಂ. ಮಿತ್ರ ಜವಳಿ ಪಾರ್ಕುಗಳನ್ನು ಘೋಷಿಸಿದಾಗ ಕರ್ನಾಟಕದ ಪಾಲಿಗೆ ಬಂದದ್ದು ಕಲಬುರಗಿ. ಅಲ್ಲಿ ಯಂತ್ರಗಳು ತಿರುಗುವಾಗ ಹೊರದೇಶಕ್ಕೆ ಹೋಗುವ ಟೀಶರ್ಟುಗಳ ಜೊತೆಗೆ ಇನ್ನೊಂದು ಉಡುಪು ತಯಾರಾಗಬೇಕೆಂದು ನನ್ನ ಆಸೆ. ಖಾತ್ರಿ ಕೆಲಸದ, ಹತ್ತಿ ಹೊಲದ ಹೆಂಗಸಿಗೆ ಅವಳದೇ ಅಳತೆಯ ಅಂಗಿ: ತೆಳ್ಳಗೆ ನೇಯ್ದ ಹತ್ತಿಯದು, ಸೀರೆಯ ಮೇಲೆ ತೊಡುವಷ್ಟು ಸಡಿಲ, ಹೆಗಲಿಗೆ ಎರಡು ಪದರ, ಕತ್ತು ಮುಚ್ಚುವಂತೆ ಎತ್ತರದ ಕಾಲರು, ಕಂಕುಳಲ್ಲಿ ಗಾಳಿಗೆ ಕಿಂಡಿ, ಮುಂಗೈಗೆ ಗುಂಡಿ, ಫೋನಿಗೊಂದು ಸಂಚಿಗೊಂದು ಆಳದ ಜೇಬು. ಅದರ ಬೆಲೆ ಒಂದು ದಿನದ ಕೂಲಿ ದಾಟಬಾರದು.